ಬಟ್ಟೆಯ ಬಾಗಿಲು

ಬೆಳಿಗ್ಗೆ ಎಚ್ಚರವಾದದ್ದು "ಟಕ್ ಟಕ್" ಎಂಬ ಸದ್ದಿಗೆ. ಬಡಿಯೋಣವೆಂದರೆ ಅಲ್ಲಿ ಬಾಗಿಲೇ ಇಲ್ಲ. ದಪ್ಪ ಕ್ಯಾನ್ವಾಸಿನ ಪರದೆ, ಅದಕ್ಕೊಂದು ಉದ್ದನೆಯ ಜಿಪ್ಪು, ಅಷ್ಟೆ. ಕಾಫಿ ತಂದ ಹುಡುಗ ಹೊರಗೆ ನಿಂತು ಬಾಯಲ್ಲೇ "ಟಕ್ ಟಕ್" ಅನ್ನುತ್ತಿದ್ದ. ಒಂದು ಸಲ ಅಂದ. ಸ್ವಲ್ಪ ಬಿಟ್ಟು ದನಿ ಏರಿಸಿ ಇನ್ನೊಂದು ಸಲ ಅಂದ. ಆಮೇಲೆ "ಟಕ್ ಟಕ್ ಸಾರ್" ಎಂದು ಮರ್ಯಾದೆಯನ್ನೂ ಸೇರಿಸಿದ. ಕಂಬಳಿಯೊಳಗಿಂದ ನನ್ನ ಹೆಂಡತಿ, "ಬಂದೆ ಇರಪ್ಪಾ, ಬಾಗ್ಲು ಮುರೀಬೇಡ" ಅಂದಳು.

ಜಿಪ್ಪು ಶುರುವಾಗುವುದು ಕೆಳಗಿನಿಂದ. ಅಂದರೆ ಕಾಫಿ ತೆಗೆದುಕೊಳ್ಳಬೇಕಾದವನು ಮೊದಲು ಮಂಡಿಯೂರಬೇಕು. ಊರಿದೆ. ಅರ್ಧಕ್ಕೆ ಬಂದ ಜಿಪ್ಪು ಬಟ್ಟೆ ಕಚ್ಚಿಕೊಂಡು ನಿಂತಿತು. ಆ ಸಂದಿಯಲ್ಲಿ ನನ್ನ ಮುಖ, ಆಚೆ ಕಡೆ ಬಗ್ಗಿ ನಿಂತ ಹುಡುಗನ ಮುಖ. ನಡುವೆ ತಟ್ಟೆ. ಹಾಗೇ ಮಾತಿಗೆ ಶುರುವಿಟ್ಟುಕೊಂಡೆವು. ಈ ಟಕ್ ಟಕ್ ಯಾರು ಹೇಳಿಕೊಟ್ಟದ್ದು ಎಂದೆ.

"ಯಾರೂ ಇಲ್ಲ ಸಾರ್. ಮೊದ್ಲು ಚಪ್ಪಾಳೆ ತಟ್ತಿದ್ದೆ. ಒಬ್ರು ಮೇಡಂ ಸಿಟ್ಟು ಮಾಡ್ಕೊಂಡ್ರು, ಕೋಳಿ ಓಡಿಸ್ತಿದ್ದೀಯಾ ಅಂತ. ಆಮೇಲೆ ಕೆಮ್ತಿದ್ದೆ. ಕೊರೊನಾ ಬಂತಲ್ಲ ಸಾರ್, ಕೆಮ್ಮಿದ್ರೆ ಯಾರೂ ತೆಗೀತಾನೇ ಇರ್ಲಿಲ್ಲ."

ಪಾಪ, ಅವನ ಮಟ್ಟಿಗೆ ಇದೊಂದು ನಾಗರಿಕತೆಯ ಇತಿಹಾಸ.

ನಾವಿದ್ದದ್ದು ಚಿಕ್ಕಮಗಳೂರಿನಿಂದ ಮೇಲೆ, ಬಾಬಾಬುಡನ್‌ಗಿರಿ ಸಾಲಿನ ಒಂದು ಮಗ್ಗುಲಲ್ಲಿ, ಕಾಫಿ ತೋಟ ಮುಗಿದು ಹುಲ್ಲುಗುಡ್ಡ ಶುರುವಾಗುವ ಕಡೆ. ಇದಕ್ಕೆ ಈಗ ಗ್ಲ್ಯಾಂಪಿಂಗ್ ಎನ್ನುತ್ತಾರೆ. ಮಗಳು ಬೆಂಗಳೂರಿನಲ್ಲಿ ಕೂತು ಫೋನಿನಲ್ಲೇ ಒಂದು ರಾತ್ರಿಗೆ ಬುಕ್ ಮಾಡಿ, "ನೀವಿಬ್ರೇ ಹೋಗಿ ಬನ್ನಿ" ಎಂದು ಅಪ್ಪಣೆ ಮಾಡಿದ್ದಳು. ಕಬ್ಬಿಣದ ಕಾಲುಗಳ ಮೇಲೆ ಹಲಗೆಯ ಜಗಲಿ, ಜಗಲಿಯ ಮೇಲೆ ಗುಡಾರ, ಗುಡಾರದೊಳಗೆ ಮಂಚ, ಮೇಜು, ಟೇಬಲ್ ಲ್ಯಾಂಪು, ಹಿಂಬದಿಗೆ ಗೀಸರು ಕಮೋಡು ಸಮೇತ ಬಚ್ಚಲು. ಹೊರಗೆ ಮರದಿಂದ ಮರಕ್ಕೆ ನಮ್ಮೂರ ಗಣಪತಿ ಪೆಂಡಾಲಿನ ಥರ ಸೀರಿಯಲ್ ಸೆಟ್. ಇಷ್ಟೆಲ್ಲ ಇದ್ದ ಮೇಲೆ ಕಾಡಿಗೆ ಯಾಕೆ ಹೋಗಬೇಕು, ಬಾಡಿಗೆ ಎಷ್ಟು, ಕಾಫಿ ತೋಟದ ನಡುವೆ ಪೊಟ್ಟಣದ ಪುಡಿ ಯಾಕೆ ಇಟ್ಟಿರುತ್ತಾರೆ ಎಂಬುದನ್ನೆಲ್ಲ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಅಕ್ಕಮಹಾದೇವಿಯ ವಚನವೂ ಇಷ್ಟು ಹೊತ್ತಿಗೆ ನಿಮ್ಮ ನಾಲಿಗೆಯ ತುದಿಗೆ ಬಂದಿರುತ್ತದೆ. ಬೆಟ್ಟ ಹತ್ತುವ ಕನ್ನಡಿಗರಿಗೆಲ್ಲ ಅದು ಬಂದೇ ಬರುತ್ತದೆ. ನನ್ನ ಹೆಂಡತಿ ಘಾಟಿಯ ಮೊದಲ ತಿರುವಿನಲ್ಲೇ ಅದನ್ನು ಹೇಳಿ ಮುಗಿಸಿದ್ದಳು. ಹಾಗಾಗಿ ಅದನ್ನೂ ಬಿಡೋಣ.

ನನ್ನ ತಲೆ ತಿಂದದ್ದು ಬಾಗಿಲು. ನಮ್ಮ ಕಡೆ ಒಂದು ಮನೆಯೊಳಗೆ ಹೋಗಲು ಎಷ್ಟೆಲ್ಲ ದಾರಿಗಳಿದ್ದವು ನೋಡಿ. ಹಿರಿಯರು ಅಂಗಳದಲ್ಲೇ ಒಂದು ಸಲ ಕೆಮ್ಮಿ, ಒಳಗಿನ ಹೆಂಗಸರು ಸೆರಗು ಸರಿಮಾಡಿಕೊಳ್ಳುವಷ್ಟು ಹೊತ್ತು ಕೊಟ್ಟು, ಮೆಟ್ಟಿಲ ಮೇಲೆ ಚಪ್ಪಲಿ ಬಿಡುವ ನೆವದಲ್ಲಿ ಇನ್ನೊಂದು ಸದ್ದು ಮಾಡಿ ಬರುತ್ತಿದ್ದರು. ಪಕ್ಕದ ಮನೆಯಾಕೆ "ಅಕ್ಕಾ, ಏನ್ ಮಾಡ್ತಿದ್ದೀರಿ?" ಎಂದು ಕೂಗುತ್ತಲೇ ಅಡಿಗೆಮನೆ ಮುಟ್ಟಿರುತ್ತಿದ್ದಳು. ಪೋಸ್ಟಿನವನು ಸೈಕಲ್ ಬೆಲ್ಲು, ಸಾಲ ಕೊಟ್ಟವನು ಚಿಲಕ. ಯಾರು ಬಂದರೆಂದು ತಿಳಿಯಲು ಬಾಗಿಲು ತೆಗೆಯಬೇಕಾಗಿರಲಿಲ್ಲ. ಚಿಲಕ ಅಲ್ಲಾಡಿದ ರೀತಿಗೇ ಅಪ್ಪ ಹಿತ್ತಿಲಿಗೆ ಹೋಗಿಬಿಡುತ್ತಿದ್ದರು.

ಹೊಸ್ತಿಲಿನ ವಿಷಯ ಇನ್ನೂ ದೊಡ್ಡದು. ಅದರ ಮೇಲೆ ಕೂರಬಾರದು, ನಿಂತು ಕೊಡಬಾರದು, ಅಲ್ಲಿ ಸೀನಿದರೆ ಒಳಗೆ ಬಂದು ಕೂತು ನೀರು ಕುಡಿದು ಹೋಗಬೇಕು. ಸೊಸೆ ಮನೆಗೆ ಬರುವುದೂ ಅಲ್ಲಿ ಸೇರು ಒದ್ದೇ. ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗ ಬೇಕಾದಾಗ ನರಸಿಂಹ ಹಿರಣ್ಯಕಶಿಪುವನ್ನು ಎಳೆದು ತಂದದ್ದು ಆ ಹೊಸ್ತಿಲಿಗೆ. ಆ ರಾಕ್ಷಸ ವರ ಕೇಳುವಾಗ ಇಷ್ಟೆಲ್ಲ ತಲೆ ಓಡಿಸಿದವನು, ಅರಮನೆ ಬಿಟ್ಟು ಜಿಪ್ಪಿನ ಗುಡಾರದಲ್ಲಿ ವಾಸ ಮಾಡಿದ್ದರೆ ಇವತ್ತಿಗೂ ಇರುತ್ತಿದ್ದ. ಗುಡಾರದಲ್ಲಿ ಒಳಗಿದ್ದರೆ ಒಳಗೆ, ಹೊರಗಿದ್ದರೆ ಹೊರಗೆ. ನಡುವೆ ಇರುವುದು ಜಿಪ್ಪಿನ ಹಲ್ಲಿನಷ್ಟು ಗೆರೆ. ಅಷ್ಟರಲ್ಲಿ ನರಸಿಂಹ ತೊಡೆ ಹಾಕಿ ಕೂರುವುದು ಎಲ್ಲಿ?

ಗುಡಾರದಲ್ಲಿ ಸುಖಪಡುವುದು ಈಗಿನ ಹುಡುಗರು ಕಂಡುಹಿಡಿದ ವಿದ್ಯೆ ಎಂದು ಮಗಳು ತಿಳಿದಿದ್ದಾಳೆ. 1664ರ ಕೊನೆಯಲ್ಲಿ ಔರಂಗಜೇಬ ದೆಹಲಿಯಿಂದ ಕಾಶ್ಮೀರದ ಬೆಟ್ಟಗಳಿಗೆ ಹೊರಟಾಗ ಅವನ ದಂಡಿನ ಜೊತೆ ಬರ್ನಿಯೇ ಎಂಬ ಫ್ರೆಂಚ್ ವೈದ್ಯನಿದ್ದ. ಅವನು ಬರೆದಿಟ್ಟಿರುವ ಪ್ರಕಾರ ಬಾದಶಹನಿಗೆ ಎರಡು ಜೊತೆ ಗುಡಾರಗಳು. ಒಂದರಲ್ಲಿ ಇವತ್ತು ಮಲಗಿದರೆ ಇನ್ನೊಂದು ಮುಂದಿನ ತಂಗುದಾಣಕ್ಕೆ ಮೊದಲೇ ಹೋಗಿ ಎದ್ದು ನಿಂತಿರುತ್ತಿತ್ತು. ಹೀಗೆ ಮುಂದೆ ಹೋಗುವ ಜೊತೆಗೆ ಪೇಶ್‌ಖಾನೆ ಎಂದು ಹೆಸರು. ಹೊರಲು ಹತ್ತಾರು ಆನೆ, ನೂರಾರು ಒಂಟೆ, ಸಾಲದ್ದಕ್ಕೆ ಹೇಸರಗತ್ತೆ, ಕೂಲಿಯಾಳು. ಕತ್ತಲಾದ ಮೇಲೆ ಬರುವವರಿಗೆ ದಾರಿ ತಿಳಿಯಲೆಂದು ಎತ್ತರದ ಕಂಬದ ತುದಿಗೆ ಆಕಾಶದೀಪ. ನಮ್ಮ ಸೀರಿಯಲ್ ಸೆಟ್ಟಿನ ಮುತ್ತಜ್ಜ ಅದು. ರಾತ್ರಿಯಿಡೀ ಪಹರೆಯವರು "ಖಬರ್ದಾರ್" ಎಂದು ಕೂಗುತ್ತ ಸುತ್ತುತ್ತಿದ್ದರಂತೆ. ಇಡೀ ಹಿಂದುಸ್ತಾನದ ಬಾದಶಹನಾದರೂ ಮಲಗಿದ್ದು ಬಟ್ಟೆಯ ಗೋಡೆಯ ಹಿಂದೆ. ಆ ಕೂಗು ಅವನಿಗೂ ಕೇಳಿಸಿರಲೇಬೇಕು.

ನಮ್ಮ ಟಿಪ್ಪುವಿನ ಗುಡಾರವೂ ಒಂದಿದೆ. ಹತ್ತಿ ಬಟ್ಟೆ, ಒಳಮೈ ತುಂಬ ಕಮಾನು, ಕಮಾನಿನೊಳಗೆ ಹೂಕುಂಡ, ಬಳ್ಳಿ, ಎಲೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಆಗ ಮದರಾಸಿನ ಗವರ್ನರಾಗಿದ್ದ ಎಡ್ವರ್ಡ್ ಕ್ಲೈವನ ಕುಟುಂಬದ ಕೈಸೇರಿ ಹಡಗು ಹತ್ತಿತು. ಈಗಲೂ ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಅಲ್ಲಿಯವರು ಅದನ್ನು ತೋಟದ ಔತಣಗಳಿಗೆ ಚಪ್ಪರವಾಗಿ ಹಾಕುತ್ತಿದ್ದರಂತೆ. ಓದಿದಾಗ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಕತ್ತಿ ಒಯ್ದರು, ಉಂಗುರ ಒಯ್ದರು, ಅದು ಯುದ್ಧದಲ್ಲಿ ಹಿಂದಿನಿಂದ ಬಂದ ಪದ್ಧತಿ. ಒಬ್ಬ ಮಲಗುವ ಕೋಣೆಯನ್ನೇ ಮಡಿಚಿ ಒಯ್ದು, ಅದರ ಕೆಳಗೆ ನಿಂತು ಚಹಾ ಕುಡಿಯುವುದಿದೆಯಲ್ಲ! ಕಲ್ಲಿನ ಅರಮನೆಗೆ ಈ ಅವಮಾನ ಬರುವುದಿಲ್ಲ. ಹೆಚ್ಚೆಂದರೆ ಅದು ಹಾಳುಬಿದ್ದೀತು, ಇದ್ದಲ್ಲೇ ಇದ್ದೀತು.

ಇದನ್ನೆಲ್ಲ ಹಿಂದಿನ ರಾತ್ರಿಯೇ ಹೆಂಡತಿಗೆ ಹೇಳಲು ಹೊರಟಿದ್ದೆ. "ಮೆಲ್ಲಗೆ ರೀ, ಪಕ್ಕದವರಿಗೆ ಕೇಳತ್ತೆ" ಅಂದಳು. ನಿಜ. ಕ್ಯಾನ್ವಾಸು ಕಣ್ಣನ್ನು ತಡೆಯುತ್ತದೆ, ಗಾಳಿಯನ್ನು ಅಷ್ಟಿಷ್ಟು ತಡೆಯುತ್ತದೆ, ಕಿವಿಗೆ ಅದರಿಂದ ಏನೂ ತೊಂದರೆಯಿಲ್ಲ. ಪಕ್ಕದ ಗುಡಾರದಲ್ಲಿ ಹೊಸದಾಗಿ ಮದುವೆಯಾದಂತಿದ್ದ ಒಂದು ಜೋಡಿ. ಬೆಂಕಿಯ ಮುಂದೆ ಕೈ ಕೈ ಹಿಡಿದು ಕೂತಿದ್ದವರು, ಒಳಗೆ ಹೋದದ್ದೇ ತಡ, ಊರಿನ ಮನೆಯ ಗ್ಯಾಸ್ ಸಿಲಿಂಡರ್ ಯಾರು ಆಫ್ ಮಾಡಬೇಕಿತ್ತು ಎಂಬ ಚರ್ಚೆಗೆ ಕೂತರು. "ನೀನು", "ನೀವೇ ಕೊನೇಲಿ ಬಂದಿದ್ದು", "ನಾನು ಲಗೇಜ್ ಇಳಿಸ್ತಿದ್ದೆ". ನನ್ನ ಹೆಂಡತಿ ತೀರ್ಪುಗಾರಳ ಹಾಗೆ ತಲೆಯಾಡಿಸುತ್ತ ಕೇಳಿ, ಕೊನೆಗೆ ನನ್ನ ಕಿವಿಯ ಹತ್ತಿರ ಬಂದು, "ಅವಳದೇ ಸರಿ" ಎಂದು ಪಿಸುಗುಟ್ಟಿದಳು. ಅಷ್ಟರಲ್ಲಿ ಗುಡ್ಡದ ಕಡೆಯಿಂದ ನಾಯಿ ಬೊಗಳಿದ ಹಾಗೆ ಒಂದೇ ಒಂದು ಬಿರುಸಾದ ಕೂಗು. ತುಸು ಬಿಟ್ಟು ಮತ್ತೊಂದು. ನಾಯಿಯಾದರೆ ಒಂದೇ ಸಮ ಬೊಗಳಬೇಕು, ಇದು ಎಣಿಸಿ ಎಣಿಸಿ ಬೊಗಳುತ್ತಿತ್ತು. ಹೊರಗೆ ಬೆಂಕಿ ಆರಿಸುತ್ತಿದ್ದ ಹುಡುಗ ಕೇಳದೆಯೇ ಉತ್ತರ ಕೊಟ್ಟ: "ಕಾಡುಕುರಿ ಸಾರ್. ಹೆದರ್ಬೇಡಿ." ನಾವು ಹೆದರಿದ್ದು ಅವನಿಗೆ ಹೇಗೆ ತಿಳಿಯಿತೆಂದು ಕೇಳುವ ಹಾಗಿರಲಿಲ್ಲ. ಪಿಸುಮಾತೂ ಅವನಿಗೆ ಕೇಳಿಸಿರಬೇಕು.

ಪಕ್ಕದ ಗುಡಾರವೂ ತಟ್ಟನೆ ತೆಪ್ಪಗಾಯಿತು. ಸಿಲಿಂಡರ್ ವ್ಯಾಜ್ಯ ಕಾಡುಕುರಿಯಿಂದ ಇತ್ಯರ್ಥವಾಯಿತು.

ಗಂಡಹೆಂಡಿರು ಬೆಟ್ಟಕ್ಕೆ ಹೋಗಿ ಇರುವುದೆಂದರೆ ನೆನಪಾಗುವುದು ಚಿತ್ರಕೂಟ. ರಾಮ ಅಲ್ಲಿ ಸೀತೆಗೆ ಒಂದೊಂದೇ ಶಿಖರ, ಒಂದೊಂದೇ ಮರ ತೋರಿಸುತ್ತ, ಇದನ್ನು ನೋಡಿದ ಮೇಲೆ ರಾಜ್ಯ ಹೋದ ದುಃಖವೇ ಇಲ್ಲವೆನ್ನುತ್ತಾನೆ. ಎಲೆಮನೆ ಕಟ್ಟಿದವನು ಲಕ್ಷ್ಮಣ. ಪಂಚವಟಿಯಲ್ಲೂ ಅವನೇ. ಜಾಗ ಸಮ ಮಾಡುವುದು, ಕಂಬ ನೆಡುವುದು, ಸೌದೆ, ನೀರು, ಬಿಲ್ಲು ಹಿಡಿದು ಕಾವಲು, ಎಲ್ಲ ಅವನ ತಲೆಗೆ. ಪೇಶ್‌ಖಾನೆಯ ಆನೆ ಒಂಟೆಗಳ ಕೆಲಸವನ್ನು ಒಬ್ಬ ಮೈದುನ ಮಾಡಿದ. ಎಲೆಗೋಡೆಯ ಆಚೆ ಮೈದುನ ಕಾವಲು ಕೂತಿರುವಾಗ ಸೀತೆ ರಾಮನ ಹತ್ತಿರ ಎಷ್ಟು ಮೆಲ್ಲಗೆ ಮಾತಾಡಿರಬೇಕು ಎಂಬುದನ್ನು ವಾಲ್ಮೀಕಿ ಬರೆಯಲಿಲ್ಲ. ಬರೆಯಬೇಕಿತ್ತು. ಯಾಕೆಂದರೆ ಮುಂದಿನ ಕಥೆಯೆಲ್ಲ ನಡೆದದ್ದೇ ಎಲೆಮನೆಯಿಂದ. ಮಾರೀಚ ಸಾಯುವಾಗ ರಾಮನ ದನಿಯಲ್ಲಿ ಕೂಗಿದ್ದು ಒಳಗಿದ್ದ ಸೀತೆಗೆ ಕೇಳಿಸಿತು. ಅದೇ ಕಲ್ಲಿನ ಗೋಡೆ, ಹಲಸಿನ ಬಾಗಿಲು, ಒಳಗೆ ಬೀಸುಕಲ್ಲಿನ ಗರಗರ ಇದ್ದಿದ್ದರೆ? ಕೂಗು ಕಾಡಿನಲ್ಲೇ ಕರಗಿ, ರಾಮ ಸಂಜೆಗೆ ಬರಿಗೈಯಲ್ಲಿ ಮನೆಗೆ ಬಂದು, ಜಿಂಕೆ ಸಿಗಲಿಲ್ಲ ಅಂದು, ಸೀತೆ ಸ್ವಲ್ಪ ಮುಖ ಊದಿಸಿಕೊಂಡು, ವನವಾಸ ಸುಖವಾಗಿ ಮುಗಿಯುತ್ತಿತ್ತು. ಬಾಗಿಲಿಗೆ ಬದಲು ಲಕ್ಷ್ಮಣ ಒಂದು ಗೆರೆ ಎಳೆದ ಎನ್ನುತ್ತಾರಲ್ಲ, ಆ ಗೆರೆ ವಾಲ್ಮೀಕಿಯಲ್ಲಿ ಇಲ್ಲ. ಆಮೇಲಿನವರು ಸೇರಿಸಿದ್ದು. ಹೊಸ್ತಿಲಿಲ್ಲದ ಮನೆಯನ್ನು ಕಂಡು ಯಾರೋ ಗೃಹಸ್ಥರಿಗೆ ತಡೆಯಲಾಗಲಿಲ್ಲ ಎಂದು ನನ್ನ ಗುಮಾನಿ.

ಕಾಡುಕುರಿ ಸುಮ್ಮನಾದ ಮೇಲೂ ನಾವು ಪಿಸುಮಾತು ಬಿಡಲಿಲ್ಲ. ಮನೆಯಲ್ಲಿ ನಮ್ಮದು ಕೂಗಾಟದ ಸಂಸಾರ. ಅವಳು ಅಡಿಗೆಮನೆಯಿಂದ, ನಾನು ವರಾಂಡದಿಂದ, ನಡುವೆ ಮಿಕ್ಸಿ, ಟೀವಿ. "ಏನಂದ್ರಿ?" "ಏನೂ ಇಲ್ಲ." ಗಟ್ಟಿ ಗೋಡೆಯ ಮನೆ ಕಟ್ಟಿಸಿದ ಮೇಲೆ ಮೆಲ್ಲಗೆ ಮಾತಾಡುವ ಅಗತ್ಯವೇ ಬೀಳಲಿಲ್ಲ. ಇಲ್ಲಿ ಮಾತಾಡಿದ್ದೇನೂ ದೊಡ್ಡದಲ್ಲ, ಅವಳ ತಮ್ಮನ ಸೈಟು, ನನ್ನ ಹಲ್ಲು, ಮಗಳಿಗೆ ಬಂದಿರುವ ಒಂದು ಜಾತಕ. ಆದರೆ ಪಿಸುಗುಟ್ಟಿದರೆ ಸೈಟಿನ ಅಳತೆಯೂ ಗುಟ್ಟಿನ ಹಾಗೆ ಕೇಳುತ್ತದೆ.

ಚಿಕ್ಕಂದಿನಲ್ಲಿ ಅಜ್ಜನ ಮನೆಯಲ್ಲಿ ಕೋಣೆಗಳ ನಡುವೆ ಇದ್ದದ್ದು ಹಲಗೆ. ನಾವು ಮಕ್ಕಳು ಒಂದು ಕಡೆ ಸಾಲಾಗಿ ಮಲಗಿದರೆ ಆ ಕಡೆಯಿಂದ ಅಜ್ಜ ಅಜ್ಜಿಯ ಪಿಸಪಿಸ ಬರುತ್ತಿತ್ತು. ಹಗಲೆಲ್ಲ ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡದವರು ರಾತ್ರಿ ಅಷ್ಟೊಂದು ಏನು ಮಾತಾಡುತ್ತಾರೆಂದು ನಾನು ಹಲಗೆಯ ಸಂದಿಗೆ ಕಿವಿಯಿಟ್ಟು ಕೇಳಿದ್ದೇನೆ. ಅಡಿಕೆಗೆ ಈ ಸಲ ರೇಟು ಏಳಲಿಲ್ಲ. ಕೌಲೆ ಹಸು ಗಬ್ಬ ನಿಂತಿಲ್ಲ. ಸಣ್ಣ ಸೊಸೆ ಉಪ್ಪಿನಕಾಯಿಗೆ ಎಣ್ಣೆ ಜಾಸ್ತಿ ಹಾಕುತ್ತಾಳೆ. ಅದೇ ಅಜ್ಜಿ ಬೆಳಿಗ್ಗೆ ಎದ್ದು, "ನಿಮ್ಮಜ್ಜನ ಹತ್ರ ಕೇಳ್ರೋ, ತಿಂಡಿ ಬೇಕಾ ಅಂತ" ಎಂದು ನಮ್ಮನ್ನು ದೂತರನ್ನಾಗಿ ಕಳಿಸುತ್ತಿದ್ದಳು.

ಆ ಅಜ್ಜಿಯ ಕಿವಿ ಬಲು ಚುರುಕು. ಮಳೆಗಾಲ ಕಳೆದು ಗದ್ದೆ ಕೊಯ್ಲಾದ ಮೇಲೆ ಊರಿಗೆ ಟೂರಿಂಗ್ ಟಾಕೀಸಿನ ಟೆಂಟು ಬರುತ್ತಿತ್ತು. ಘಂಟಸಾಲರ ವೆಂಕಟೇಶ ಸ್ತುತಿ ಮೈಕಿನಲ್ಲಿ ಶುರುವಾಯಿತೆಂದರೆ ಟಿಕೆಟ್ ಕೊಡುತ್ತಾರೆಂದು ಅರ್ಥ. ನಾವು ನೆಲದ ಟಿಕೆಟ್ಟಿನವರು ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂರುವುದು. ಒಂದೇ ಪ್ರೊಜೆಕ್ಟರು, ರೀಲು ಬದಲಿಸುವಾಗೆಲ್ಲ ದೀಪ ಹತ್ತಿ ಕಡಲೆಕಾಯಿ ಬರುವುದು. ಅಜ್ಜಿ ಒಳಗೆ ಕಾಲಿಟ್ಟವಳಲ್ಲ. ಕತ್ತಲಲ್ಲಿ ಗಂಡಸರ ನಡುವೆ ಕೂರುವುದು ಅವಳ ಪ್ರಕಾರ ಮಾನವಂತರ ಲಕ್ಷಣವಾಗಿರಲಿಲ್ಲ. ಆದರೆ ಟೆಂಟು ಹಾಕುತ್ತಿದ್ದದ್ದು ನಮ್ಮ ಕಣದ ಪಕ್ಕದಲ್ಲೇ. ಅವಳು ಜಗಲಿಯಲ್ಲಿ ಕೂತು, ಮಡಿಲಲ್ಲಿ ಎಲೆಯಡಿಕೆ ಚೀಲ ಇಟ್ಟುಕೊಂಡು, ದಿನಕ್ಕೆರಡು ಆಟ ಕೇಳುತ್ತಿದ್ದಳು. ಒಂದು ಸಿನಿಮಾ ವಾರ ಓಡಿದರೆ ಅವಳಿಗೆ ಅಷ್ಟೂ ಬಾಯಿಪಾಠ. ಮಾತಿಲ್ಲದೆ ಬರೀ ವಾದ್ಯ ಬಂದರೆ "ಈಗ ಓಡಿಹೋಗ್ತಿದ್ದಾಳೆ" ಎಂದು ತಾನೇ ತುಂಬಿಕೊಳ್ಳುವಳು. ಖಳನಾಯಕ ನಕ್ಕಾಗ ಅವನ ವಂಶವನ್ನೆಲ್ಲ ಬೈಯುವಳು.

ಒಂದು ಸಿನಿಮಾದ ವಿಷಯದಲ್ಲಿ ಮಾತ್ರ ನಮಗೂ ಅವಳಿಗೂ ಜಗಳ ಹತ್ತಿತು. ಅದರಲ್ಲಿ ನಾಯಕಿಯ ಅಪ್ಪ ಸಾಧು ಮನುಷ್ಯ, ಮೂರನೆಯ ರೀಲಿನಲ್ಲಿ ಸಾಯುತ್ತಾನೆ. ಕೊನೆಯಲ್ಲಿ ಅವಳಿಗೆ ಶಿಕ್ಷೆ ಕೊಡುವ ನ್ಯಾಯಾಧೀಶ ಬೇರೆಯವನು. ಅಜ್ಜಿ ಇಬ್ಬರೂ ಒಬ್ಬನೇ ಎಂದು ಪಟ್ಟು ಹಿಡಿದಳು. ಸತ್ತ ಹಾಗೆ ನಟಿಸಿ, ಊರು ಬಿಟ್ಟು, ಓದಿ ಜಡ್ಜಾಗಿ, ಕೊನೆಗೆ ಸ್ವಂತ ಮಗಳನ್ನೇ ಜೈಲಿಗೆ ಹಾಕಿದ ಪಾಪಿ ಅಂತ ಅವಳ ಕಥೆ. "ಅಲ್ಲ ಅಜ್ಜಿ, ನಾವು ಕಣ್ಣಾರೆ ನೋಡಿದ್ದೀವಿ, ಒಬ್ಬ ತೆಳ್ಳಗೆ, ಇನ್ನೊಬ್ಬ ದಪ್ಪ, ಮೀಸೆ ಬೇರೆ" ಎಂದು ನಾವೆಲ್ಲ ಸೇರಿ ವಾದಿಸಿದೆವು. ಅಜ್ಜಿ ಅಡಿಕೆ ಕತ್ತರಿಸುತ್ತ, "ಮೀಸೆ ಯಾರು ಬೇಕಾದ್ರೂ ಅಂಟಿಸ್ಕೋಬಹುದು. ಬಣ್ಣ ನೋಡಿ ನೀವು ಮೋಸ ಹೋಗಿದ್ದೀರಿ" ಅಂದಳು.