ಗೌರವಕ್ಕೊಂದಿಷ್ಟು ಧನ

ನಮ್ಮ ಮಂಡಿಪೇಟೆಯಲ್ಲಿ ದಾನಕ್ಕೆ ಬರವಿಲ್ಲ. ಗಣಪತಿ ಕೂರಿಸುವ ಹುಡುಗರು ಬರಲಿ, ದುರ್ಗಾಂಬಿಕೆಯ ಜಾತ್ರೆಯವರು ಬರಲಿ, ದಾಸೋಹದವರು ಬರಲಿ, ಗಲ್ಲಾಪೆಟ್ಟಿಗೆಯ ಮುಂದೆ ಕೂತ ಸಾಹುಕಾರರು ಕೊಂಚ ಗೊಣಗಿಯಾದರೂ ಕೈ ಬಿಚ್ಚುತ್ತಾರೆ. ದಾವಣಗೆರೆ ಊರೇ ಹಾಗೆ. ರಾಜನಹಳ್ಳಿ ಹನುಮಂತಪ್ಪನವರ ಛತ್ರದ ಹೆಸರು ಕೇಳದವರು ಇಲ್ಲಿಲ್ಲ. ಜಿಲ್ಲಾ ಆಸ್ಪತ್ರೆ ಸರ್ಕಾರದ್ದೇ ಆದರೂ ಎಲ್ಲರ ಬಾಯಲ್ಲಿ ಅದು ಚಿಗಟೇರಿ ಆಸ್ಪತ್ರೆ. ದಾನಿಗಳ ಹೆಸರು, ಸರ್ಕಾರದ ಔಷಧಿ ಒಂದೇ ಸೂರಿನಡಿ ಸೇರಿಕೊಂಡಿವೆ.

ಆದರೆ ಕಟ್ಟಡಕ್ಕೆ ಸಿಕ್ಕಷ್ಟು ಸುಲಭವಾಗಿ ದಿನನಿತ್ಯದ ದುಡಿಮೆಗೆ ದುಡ್ಡು ಸಿಗುವುದಿಲ್ಲ ಕಣ್ರೀ. ಫ್ಯಾನಿನ ರೆಕ್ಕೆಯ ಮೇಲೆ ಹೆಸರು ಬರೆಸಬಹುದು. ಕೂಸಿನ ಮೂಗು ಒರೆಸಿ, ಅಂಡು ತೊಳೆದವಳ ಸಂಬಳದ ಮೇಲೆ ಯಾರ ಹೆಸರು ಬರೆಸೋಣ?

ಮಂಡಿಯಲ್ಲಿ ಕಾಳು ಹಸನು ಮಾಡುವ ಹೆಂಗಸರ ಕೂಸುಗಳು ಚೀಲಗಳ ಸಂದಿಯಲ್ಲೇ ಮಲಗಿ ಏಳುವುದನ್ನು ನೋಡಿ ನೋಡಿ, ನಮ್ಮ ಓಣಿಯ ಮಹಿಳಾ ಮಂಡಳಿಯವರು ಗೋದಾಮಿನ ಹಿಂದೆ ಒಂದು ಕೋಣೆ ಹಿಡಿದೆವು. ಲಾರಿ ಹಿಂದಕ್ಕೆ ಸರಿಯುವಾಗಲೆಲ್ಲ ನಮ್ಮ ಎದೆ ಹಾರುತ್ತಿತ್ತು. ಇನ್ನು ಹೆತ್ತವರದ್ದು ಹೇಗಿರಬೇಡ! ಮನೆಗೊಂದು ಹಿಡಿ ಅಕ್ಕಿ, ಅಂಗಡಿಗೊಂದು ಸೇರು ಹೆಸರುಕಾಳು ಒಟ್ಟುಮಾಡಿದೆವು. ನಾವು ಸರದಿಯ ಮೇಲೆ ಹೋಗುತ್ತಿದ್ದೆವು. ಬೆಳಿಗ್ಗೆಯಿಂದ ಸಂಜೆಯವರೆಗೆ ಕೂಸುಗಳ ಜೊತೆ ಇರುವುದಕ್ಕೆ ಎಸ್ಸೆಸ್ಸೆಲ್ಸಿ ಓದಿದ ಒಬ್ಬ ಹುಡುಗಿಯನ್ನು ಗೊತ್ತುಮಾಡಿದೆವು. ಆಮೇಲೆ ಅನುದಾನಕ್ಕೆ ಅರ್ಜಿ ಹಾಕಿದೆವು.

ಸರ್ಕಾರದ ನೆರವು ಬೇಡ ಎನ್ನುವವಳಲ್ಲ ನಾನು. 1953ರಲ್ಲಿ ದುರ್ಗಾಬಾಯಿ ದೇಶಮುಖರ ಮುಂದಾಳ್ತನದಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಹುಟ್ಟದೆ ಇದ್ದಿದ್ದರೆ ಎಷ್ಟೋ ಊರಿನ ಮಹಿಳಾ ಸಮಾಜಗಳಲ್ಲಿ ಬಾಲವಾಡಿಯೂ ಇರುತ್ತಿರಲಿಲ್ಲ, ಹೊಲಿಗೆ ಯಂತ್ರವೂ ಇರುತ್ತಿರಲಿಲ್ಲ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಅದನ್ನು ಕಂಡದ್ದು ತಿರುಮಕೂಡಲು ನರಸೀಪುರ. 2000-01ರಲ್ಲಿ ಸ್ತ್ರೀಶಕ್ತಿ ಗುಂಪುಗಳು ಬಂದವು. ಹದಿನೈದಿಪ್ಪತ್ತು ಹೆಂಗಸರು ವಾರವಾರ ಉಳಿಸಿದರೆ, ಸರ್ಕಾರ 5,000 ರೂಪಾಯಿ ಸುತ್ತುನಿಧಿ ಸೇರಿಸುತ್ತಿತ್ತು. ಅದು ನನಗೆ ಮೆಚ್ಚಿಗೆಯಾದ ಕ್ರಮ. ಹಾಲು ನಮ್ಮದು, ಹೆಪ್ಪು ಅವರದು.

ನಮ್ಮ ಅರ್ಜಿಯ ಕಥೆ ಬೇರೆಯಾಯಿತು. ಕಚೇರಿಯವರು ನೋಂದಣಿ ಪತ್ರ ಕೇಳಿದರು, ಲೆಕ್ಕ ಪರಿಶೋಧಕರ ವರದಿ ಕೇಳಿದರು, ಬಾಡಿಗೆ ಕರಾರು ಕೇಳಿದರು. ಕೇಳಲಿ, ಜನರ ದುಡ್ಡಿಗೆ ಲೆಕ್ಕ ಕೇಳಲೇಬೇಕು. ಡಬ್ಬಿಯೊಳಗಿನ ಚಿಲ್ಲರೆಗೂ ಲೆಕ್ಕ ಇಡುವವರು ನಾವು, ಅದಕ್ಕೆ ಅಂಜುತ್ತೇವೆಯೇ? ಆದರೆ ಕಂತು ಕೈಸೇರಿದ್ದು ಮಾರ್ಚಿಯ ಕೊನೆಯ ವಾರದಲ್ಲಿ. ತಿಂಗಳು ಮುಗಿಯುವುದರೊಳಗೆ ಖರ್ಚು ಮಾಡಿ ರಸೀದಿ ಒಪ್ಪಿಸಬೇಕು. ಜಮಖಾನೆಗೆ ದುಡ್ಡಿತ್ತು, ಆಟಿಕೆಗೆ ಇತ್ತು, ನಾಮಫಲಕಕ್ಕೂ ಇತ್ತು. ಹುಡುಗಿಯ ಹೆಸರಿನ ಮುಂದೆ ಮಾತ್ರ ‘ಗೌರವಧನ’ ಎಂದು ಬರೆದು, ಬಸ್ ಚಾರ್ಜಿಗೂ ಸಾಲದ ಮೊತ್ತ ತೋರಿಸಿದ್ದರು.

ಅವಳು ಅದನ್ನು ನೋಡಿ ನಕ್ಕಳು. “ಅಕ್ಕಾರೆ, ಗೌರವ ಬಂತು, ಧನ ಯಾವಾಗ ಬರ್ತೈತೆ?” ಎಂದಳು. ಮುಂದಿನ ತಿಂಗಳು ಸೀರೆ ಅಂಗಡಿಗೆ ಕೆಲಸಕ್ಕೆ ಹೋದಳು. ಹೋಗುವಾಗ ಅಂದಳು: “ನೀವು ಸೇವೆ ಮಾಡಾಕೆ ಬರ್ತೀರಿ, ಊಟ ಮನೇಲಿ ಐತೆ. ನಾನು ಊಟಕ್ಕಂತಲೇ ಬರೋದು.”

ಆ ಮಾತನ್ನು ಇವತ್ತಿಗೂ ಮರೆತಿಲ್ಲ. ನಮ್ಮ ಪುಕ್ಕಟೆ ಸೇವೆಯ ಹಿಂದೆ ಗಂಡಂದಿರ ದುಡಿಮೆ ಇದೆ. ಅದಿಲ್ಲದವಳಿಗೂ ಅದೇ ‘ಸೇವೆ’ಯ ಶಾಲು ಹೊದಿಸಿದರೆ ಅವಳ ಚಳಿ ಹೋಗುತ್ತದೆಯೇ? ಇದು ನಮ್ಮ ಹುಡುಗಿಯೊಬ್ಬಳ ಪಾಡಲ್ಲ. 2005ರಲ್ಲಿ ಆರಂಭವಾದ ಆರೋಗ್ಯ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರನ್ನು ಸ್ವಯಂಸೇವಕಿಯರೆಂದೇ ಕರೆದರು. ಅಂಗನವಾಡಿಯವರಿಗೆ ಸಿಗುವುದೂ ಗೌರವಧನವೇ. ಅವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಗಂಡಸರು ಮಾಡಿದರೆ ಉದ್ಯೋಗ, ಹೆಂಗಸರು ಮಾಡಿದರೆ ಸೇವೆ ಎಂದು ಯಾವ ಪಂಚಾಂಗದಲ್ಲಿ ಬರೆದಿದೆಯೋ!

ಹಳ್ಳಿಯ ಕಡೆ ಒಂದು ದಾರಿ ತೆರೆಯಿತು. 2023ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಮಾಡುವುದಾಗಿ ರಾಜ್ಯ ಸರ್ಕಾರ ಹೇಳಿತು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳನ್ನು ಜಾಬ್ ಕಾರ್ಡ್ ಇರುವ ಹೆಂಗಸರೇ ನೋಡಿಕೊಳ್ಳಬೇಕು, ಅದೂ ಕೂಲಿಯ ಲೆಕ್ಕಕ್ಕೆ ಸೇರಬೇಕು ಎಂಬುದು ಯೋಜನೆ. ಕೂಸನ್ನು ಆಡಿಸುವುದೂ ಕೆಲಸವೇ ಎಂದು ಒಂದು ಕಡೆಯಾದರೂ ಬರೆದರಲ್ಲ ಎಂದು ನನಗೆ ಸಮಾಧಾನವಾಯಿತು. ಆದರೆ ನಮ್ಮ ಮಂಡಿಯ ಹೆಂಗಸರು ಪೇಟೆಯವರು, ಅವರಿಗೆ ಜಾಬ್ ಕಾರ್ಡ್ ಎಲ್ಲಿಂದ ಬರಬೇಕು?

ಪೇಟೆಗೇಕೆ ಇಲ್ಲ ಎಂದು ಹುಡುಕಿದರೆ ಮೂಲ ಸಂವಿಧಾನದವರೆಗೆ ಹೋಗುತ್ತದೆ. 1993ರಲ್ಲಿ ಜಾರಿಗೆ ಬಂದ ತಿದ್ದುಪಡಿಗಳ ಜೊತೆ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಬಂತು. ಅದರಲ್ಲಿ ‘ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ’ ಎಂದು ಸ್ಪಷ್ಟವಾಗಿದೆ. ಪುರಸಭೆ, ಪಾಲಿಕೆಗಳ ಪಟ್ಟಿಯಲ್ಲಿ ವಿಷಯಗಳು 18. ಅಲ್ಲಿ ಜನನ ಮರಣದ ನೋಂದಣಿ ಇದೆ, ಬಿಡಾಡಿ ದನಗಳ ದೊಡ್ಡಿ ಇದೆ, ಸ್ಮಶಾನ ಇದೆ. ಹುಟ್ಟಿದ್ದನ್ನು ಬರೆದುಕೊಳ್ಳುತ್ತಾರೆ, ಸತ್ತರೆ ಜಾಗ ಕೊಡುತ್ತಾರೆ. ನಡುವೆ ಕೂಸನ್ನು ಎತ್ತಿಕೊಳ್ಳುವವರು ಯಾರೆಂದು ಹೆಸರು ಹಿಡಿದು ಬರೆದಿಲ್ಲ. ಹಾಗೆಂದು ಬಾಗಿಲು ಪೂರಾ ಮುಚ್ಚಿಲ್ಲ. ದುರ್ಬಲ ವರ್ಗದವರ ಹಿತ ಕಾಯುವುದು, ನಗರದ ಬಡತನ ನೀಗುವುದು ಆ ಪಟ್ಟಿಯಲ್ಲೇ ಇವೆ. ಮನಸ್ಸಿದ್ದರೆ ಅಲ್ಲೇ ದಾರಿಯಿದೆ.

ಸದ್ಯಕ್ಕೆ ನಮ್ಮ ಕೋಣೆ ನಡೆಯುತ್ತಿದೆ. ಬಂದ ವಂತಿಗೆಯಲ್ಲಿ ಮೊದಲು ನೋಡಿಕೊಳ್ಳುವವಳ ಸಂಬಳ ಎತ್ತಿಡುತ್ತೇವೆ, ಉಳಿದರೆ ಆಟಿಕೆ. ನಾಮಫಲಕ ಮಾಸಿದೆ, ಮಾಸಲಿ ಬಿಡಿ.

ದಾವಣಗೆರೆ 2007ರಲ್ಲಿ ಮಹಾನಗರ ಪಾಲಿಕೆಯಾಯಿತು, ವಾರ್ಡುಗಳು 45. ಅದೇ 1993ರ ತಿದ್ದುಪಡಿಯಿಂದ ಕನಿಷ್ಠ ಮೂರರಲ್ಲೊಂದು ಸ್ಥಾನ ನಮ್ಮಂಥ ಹೆಂಗಸರದ್ದು. ಮತ ಕೇಳಲು ಅರಿಶಿನ ಕುಂಕುಮದ ತಟ್ಟೆ ಹಿಡಿದು ಯಾರಾದರೂ ನಮ್ಮ ಬಾಗಿಲಿಗೆ ಬಂದರೆ ಕುಂಕುಮ ಹಚ್ಚಿಸಿಕೊಂಡು, ಚಹಾ ಕೊಟ್ಟು, ಒಂದೇ ಮಾತು ಕೇಳಬೇಕೆಂದಿದ್ದೇನೆ: ಮಂಡಿಯ ಕೂಸುಗಳನ್ನು ನೋಡಿಕೊಳ್ಳುವವಳಿಗೆ ಪಾಲಿಕೆಯ ಬಜೆಟ್ಟಿನಲ್ಲಿ ತಿಂಗಳ ಸಂಬಳ ಇಡಿಸುತ್ತೀರಾ ಎಂದು. ನೀವೂ ನಿಮ್ಮ ನಿಮ್ಮ ಊರಿನಲ್ಲಿ ಕೇಳಿ ನೋಡಿ.