ಸರ್ವರ್ ಪುರಾಣ

“ಒಂದು ಸರ್ವರ್ ತಗೋಬೇಕಪ್ಪ” ಎಂದು ನಾನು ಫೋನಿನಲ್ಲಿ ಹೇಳಿದಾಗ ನಮ್ಮ ತಂದೆಯವರು ಒಂದು ಗಳಿಗೆ ಮಾತಾಡಲಿಲ್ಲ. ಆಮೇಲೆ, “ಯಾಕೋ, ಓದೋದು ಬಿಟ್ಟು ಹೋಟ್ಲು ಇಡ್ತೀಯೇನೋ?” ಎಂದರು. ಅವರದೇನೂ ತಪ್ಪಿಲ್ಲ. ಇಪ್ಪತ್ತೆರಡು ವರ್ಷ ಹೋಟೆಲೊಂದರಲ್ಲಿ ಅವರು ಮಾಡಿದ ಉದ್ಯೋಗವೇ ಸರ್ವರ್. ನಮ್ಮ ವಂಶದಲ್ಲಿ ಮೊದಲ ಬಿ.ಎ. ಆಗಲಿರುವ ನಾನಾದರೋ ಅದೇ ಹೆಸರಿನ ಇನ್ನೊಂದು ವಸ್ತುವಿನ ಬೆನ್ನು ಹತ್ತಿದ್ದೆ.

ವಿಷಯ ಇಷ್ಟು. ನಮ್ಮ ವಿದ್ಯಾರ್ಥಿನಿಲಯದಲ್ಲಿ ಅರವತ್ತು ಜನ. ಹಳೆಯ ಪ್ರಶ್ನೆಪತ್ರಿಕೆಗಳು, ಗುರುಗಳು ಕೊಟ್ಟ ಟಿಪ್ಪಣಿಗಳು ಒಬ್ಬೊಬ್ಬರ ಫೋನಿನಲ್ಲಿ ಒಂದೊಂದು ಚೂರಾಗಿ ಬಿದ್ದಿರುತ್ತವೆ. ಸಂಜೆಯಾಗುವುದರೊಳಗೆ ಎಲ್ಲರ ಡೇಟಾ ಮುಗಿದಿರುತ್ತದೆ. ಅವನ್ನೆಲ್ಲ ಒಂದೆಡೆ ಕೂಡಿಟ್ಟು, ಹೊರಗಿನ ಅಂತರಜಾಲದ ಹಂಗಿಲ್ಲದೆ, ನಿಲಯದೊಳಗಿನ ವೈಫೈಯಲ್ಲೇ ಯಾರು ಬೇಕಾದರೂ ತೆರೆದು ಓದುವಂತೆ ಮಾಡಬೇಕೆಂಬುದು ನನ್ನ ಹಂಬಲ. ಅದಕ್ಕೆ ಲಿನಕ್ಸ್ ಓಡುವ ಪುಟ್ಟ ಯಂತ್ರವೊಂದು ಬೇಕು. ನನ್ನಲ್ಲಿದ್ದದ್ದು ವಿದ್ಯಾರ್ಥಿವೇತನದಲ್ಲಿ ಉಳಿದ 3,000 ರೂಪಾಯಿ; ಅದೂ ತಂದೆಯವರ ಕನ್ನಡಕಕ್ಕೆಂದು ಮನಸ್ಸಿನಲ್ಲೇ ತೆಗೆದಿಟ್ಟದ್ದು.

ಮೊದಲು ಸಿಕ್ಕಿದ್ದು ಗೆಳೆಯನೊಬ್ಬನ ಹಳೆಯ ಡೆಸ್ಕ್‌ಟಾಪು, ಪುಕ್ಕಟೆಯಾಗಿ. ಆದರೆ ಆನೆ ದಾನವಾಗಿ ಬಂದರೂ ಮೇವು ನಮ್ಮದೇ ತಾನೆ? 80 ವ್ಯಾಟ್ ಎಳೆಯುವ ಯಂತ್ರ ಹಗಲಿರುಳು ನಡೆದರೆ ತಿಂಗಳಿಗೆ 57 ಯೂನಿಟ್ಟಿಗೂ ಮೇಲೆ. ನಮ್ಮ ವಾರ್ಡನ್ ಸಾಹೇಬರು ಇಸ್ತ್ರಿಪೆಟ್ಟಿಗೆಯನ್ನೇ ಸಹಿಸದವರು.

ಎರಡನೆಯದು ರಾಸ್ಪ್‌ಬೆರಿ ಪೈ. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲೆಂದು ಬ್ರಿಟನ್ನಿನಲ್ಲಿ ರೂಪುಗೊಂಡು, 2012ರಲ್ಲಿ 35 ಡಾಲರಿಗೆ ಮಾರುಕಟ್ಟೆಗೆ ಬಂದ ಅಂಗೈಯಗಲದ ಬೋರ್ಡು. 2021ರಲ್ಲಿ ಬಂದ ಜೀರೋ 2 ಡಬ್ಲ್ಯು ಇನ್ನೂ ಚಿಕ್ಕದು. 512 ಎಂಬಿ ರ‍್ಯಾಮ್, ಸಾರಿದ ಬೆಲೆ 15 ಡಾಲರ್. ನಾನು ಮನಸೋತೆ. ಆದರೆ ಬೋರ್ಡಿನ ಬೆಲೆಯೆಂದರೆ ಮದುಮಗನ ಪಂಚೆಯ ಬೆಲೆ. ಮದುವೆಯ ಖರ್ಚೇ ಬೇರೆ. ಒಳ್ಳೆಯ ಮೆಮೊರಿ ಕಾರ್ಡು, ಅಡಾಪ್ಟರು, ಡಬ್ಬಿ, ತರಿಸುವ ವೆಚ್ಚ ಎಲ್ಲ ಕೂಡಿಸಿದರೆ ಕನ್ನಡಕದ ಆಸೆ ಬಿಡಬೇಕಾಗಿತ್ತು. ಮೇಲಾಗಿ, ಬರೆಯುತ್ತಿರುವಾಗ ಕರೆಂಟು ಹೋದರೆ ಕಾರ್ಡಿನಲ್ಲಿರುವುದು ಕೆಡುವುದುಂಟು. ನಮ್ಮೂರ ಕರೆಂಟಿನ ಗುಣ ಓದುಗರಿಗೆ ಗೊತ್ತೇ ಇದೆ.

ಈ ಸಂಕಟವನ್ನೆಲ್ಲ ತಂದೆಯವರಲ್ಲಿ ತೋಡಿಕೊಂಡೆ, ಕನ್ನಡಕದ ಮಾತೊಂದನ್ನು ಬಿಟ್ಟು. ಯಾರೋ ಕೇಳುತ್ತಾರೆ, ಯಂತ್ರ ತಂದುಕೊಡುತ್ತದೆ, ಅಷ್ಟೇ ಅದರ ಕೆಲಸವೆಂದೆ. “ಹಂಗಾದ್ರೆ ಅದೂ ಸರ್ವರೇ ಬಿಡು” ಎಂದವರು ಕೇಳಿದರು: “ಎಷ್ಟು ಟೇಬಲ್ಲು? ಮಾಡಿಟ್ಟ ಇಡ್ಲಿಯೋ, ಕೇಳಿದಮೇಲೆ ಹುಯ್ಯೋ ದೋಸೆಯೋ? ಇಡ್ಲಿಯಾದ್ರೆ ಒಬ್ಬ ಹುಡುಗ ಸಾಕು ಕಣೋ.”

ನಾನು ಫೋನು ಹಿಡಿದು ನಿಂತೇಬಿಟ್ಟೆ. ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದ ನನಗೆ ಈ ಪ್ರಶ್ನೆಯೇ ಹೊಳೆದಿರಲಿಲ್ಲ. ನಮ್ಮದೆಲ್ಲ ಮಾಡಿಟ್ಟ ಇಡ್ಲಿ! ಬರೆದಿಟ್ಟ ಪುಟಗಳು, ಪಿಡಿಎಫ್‌ಗಳು. ಡೇಟಾಬೇಸಿಲ್ಲ, ಕೇಳಿದಾಗ ಹೊಸದಾಗಿ ಬೇಯಿಸುವುದು ಏನೂ ಇಲ್ಲ. ಒಂದೇ ಹೊತ್ತಿಗೆ ಕೇಳುವವರು ಹತ್ತು ಜನರಿದ್ದರೆ ಹೆಚ್ಚು. ಅಷ್ಟಕ್ಕೆ ಗುಜರಿ ಅಂಗಡಿಯ ವೈಫೈ ರೌಟರು ಸಾಕು. ಲಿಂಕ್‌ಸಿಸ್ ಕಂಪನಿಯ ಒಂದು ರೌಟರಿನೊಳಗೆ ಲಿನಕ್ಸ್ ಇರುವುದು ಪತ್ತೆಯಾಗಿ, ಪರವಾನಗಿಯ ನಿಯಮದಂತೆ 2003ರಲ್ಲಿ ಅದರ ಮೂಲಸಂಕೇತ ಹೊರಬಂತು. ಅದರಿಂದಲೇ ಮರುವರ್ಷ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಹಳೆಯ ರೌಟರುಗಳಿಗೆ ಅದು ಮರುಜನ್ಮ.

150 ರೂಪಾಯಿಗೆ ನಾನು ತಂದ ಮೊದಲ ರೌಟರು ಮಾತ್ರ ಶುದ್ಧ ದಂಡ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್. ಈಗಿನ ಓಪನ್‌ಡಬ್ಲ್ಯುಆರ್‌ಟಿ ಅದರಲ್ಲಿ ಹಿಡಿಸದು. ಬೆಲೆ ಕೇಳಿದ್ದೆನೇ ಹೊರತು ತಳದ ಮಾದರಿ ಸಂಖ್ಯೆ ನೋಡಿರಲಿಲ್ಲ. ಎರಡನೆಯ ಸಲ, ಓಪನ್‌ಡಬ್ಲ್ಯುಆರ್‌ಟಿಯವರ ಪಟ್ಟಿಯಲ್ಲಿ ಹೆಸರಿದೆಯೇ, ಯುಎಸ್‌ಬಿ ಕಿಂಡಿಯಿದೆಯೇ ಎಂದು ನೋಡಿಕೊಂಡೇ 500 ಕೊಟ್ಟೆ. 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್. ನನ್ನಲ್ಲಿದ್ದ ಪೆನ್‌ಡ್ರೈವನ್ನು ಓದಲು ಮಾತ್ರ, ಬರೆಯಲು ಬಾರದಂತೆ ಜೋಡಿಸಿದೆ. ಲಾಗ್ ಹೇಗೂ ರ‍್ಯಾಮಿನಲ್ಲೇ ಉಳಿಯುತ್ತದೆ. ಕರೆಂಟು ದಿನಕ್ಕೆ ನಾಲ್ಕು ಸಲ ಹೋದರೂ ಈವರೆಗೆ ಒಂದು ಪುಟವೂ ಕೆಟ್ಟಿಲ್ಲ. ಅಡಾಪ್ಟರು 12 ವ್ಯಾಟಿನದು. ತಿಂಗಳಿಗೆ 9 ಯೂನಿಟ್ಟಿನೊಳಗೇ ಸರಿ. ವಾರ್ಡನ್ ಸಾಹೇಬರು ಡಬ್ಬಿಯನ್ನು ಮುಟ್ಟಿ, ಬಿಸಿ ಅಷ್ಟಾಗಿಲ್ಲವೆಂದು ಖಾತ್ರಿಮಾಡಿಕೊಂಡು ಒಪ್ಪಿಗೆ ಕೊಟ್ಟರು.

ಕಳೆದ ತಿಂಗಳು ತಂದೆಯವರು ಹೊಸ ಕನ್ನಡಕ ಹಾಕಿಕೊಂಡು ನಿಲಯಕ್ಕೆ ಬಂದಿದ್ದರು. ಗೋಡೆಯ ಹಲಗೆಯ ಮೇಲೆ ಹಸಿರು ದೀಪ ಮಿನುಗಿಸುತ್ತ ಕುಳಿತಿದ್ದ ಡಬ್ಬಿಯನ್ನು ಬಹಳ ಹೊತ್ತು ನೋಡಿ, “ಇವನಿಗೆ ರಜಾ ಯಾವತ್ತೋ?” ಎಂದು ಕೇಳಿದರು.