ಹರಳಯ್ಯನ ಗವಿ

ಹುಮನಾಬಾದಿನ ವೀರಭದ್ರನಿಗೆ ಕೈಮುಗಿದು ಬಸವಕಲ್ಯಾಣಕ್ಕೆ ಬರುವವರು ಹರಳಯ್ಯನ ಗವಿಗೂ ಹೋಗಬೇಕು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸ ಮಗಳನ್ನು ಕೊಟ್ಟ. ಆ ತಪ್ಪಿಗೆ ಕಲ್ಯಾಣದ ದೊರೆ ಬಿಜ್ಜಳ ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದನೆಂದು ಶರಣರ ಕಥೆ ಹೇಳುತ್ತದೆ. ಇಬ್ಬರ ಮೈಮೇಲೂ ಲಿಂಗವಿತ್ತು. ದೇವರು ಯಾಕೆ ಸುಮ್ಮನಿದ್ದ?

ಹಿಂದಿನ ಜನ್ಮದ ಕರ್ಮ ಅನ್ನುವ ಸಿದ್ಧ ಉತ್ತರ ನನಗೆ ಒಪ್ಪಿಗೆಯಿಲ್ಲ. ಸತ್ತವರಿಗೆ ಅದು ಅವಮಾನ. ಉಳಿದ ಶರಣರಿಗೂ ಉತ್ತರವೇನೂ ಸಿಗಲಿಲ್ಲ. ಆದರೂ ಲಿಂಗ ಕಳಚಿಡದೆ, ವಚನದ ಕಟ್ಟು ಹೊತ್ತು ಉಳವಿಯ ಕಾಡಿನ ಕಡೆ ನಡೆದರು. ಅವರಲ್ಲಿ ಬಸವಣ್ಣನ ಅಕ್ಕ ನಾಗಮ್ಮನೂ ಇದ್ದಳು. ಆ ನಡಿಗೆಯೇ ನನಗೆ ದೊಡ್ಡ ನಂಬಿಕೆಯಾಗಿ ಕಾಣುತ್ತದೆ.

ಅದಕ್ಕೇ, ಸಾವಿನ ಮನೆಗೆ ಹೋದಾಗ ದಯವಿಟ್ಟು ದೇವರ ಪರವಾಗಿ ಉತ್ತರ ಹೇಳಬೇಡಿ. ಸುಮ್ಮನೆ ಜೊತೆಗೆ ಕೂತಿರಿ.